ಮುಖ ನೋಡಿ ದಾಖಲೆ ಕೇಳುವ ಕಾನೂನು

ವಲಸೆ ಕಾನೂನು ಜಾರಿ ಮಾಡಬೇಕಾದವರು ಕೇಂದ್ರದವರೋ, ರಾಜ್ಯದ ಪೊಲೀಸರೋ? ಅಮೆರಿಕದಲ್ಲಿ ಈ ಜಗಳ ಇಂದು ನಿನ್ನೆಯದಲ್ಲ. 1874ರಲ್ಲಿ ಹಡಗಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊಗೆ ಬಂದ ಇಪ್ಪತ್ತಕ್ಕೂ ಹೆಚ್ಚು ಚೀನೀ ಮಹಿಳೆಯರನ್ನು ಕ್ಯಾಲಿಫೋರ್ನಿಯಾದ ಅಧಿಕಾರಿಯೊಬ್ಬ ಕಣ್ಣಳತೆಯಲ್ಲೇ ‘ನಡತೆಗೆಟ್ಟವರು’ ಎಂದು ತೀರ್ಮಾನಿಸಿ ತಡೆದ. ಅವನಿಗೆ ಆ ಅಧಿಕಾರ ಕೊಟ್ಟಿದ್ದ ರಾಜ್ಯದ ಕಾನೂನನ್ನು ಸುಪ್ರೀಂ ಕೋರ್ಟ್ ಕೊನೆಗೆ ರದ್ದು ಮಾಡಿತು. ಒಂದು ರಾಜ್ಯದ ದುಡುಕಿನಿಂದ ಇಡೀ ದೇಶ ಹೊರದೇಶದವರ ಜೊತೆ ಜಗಳಕ್ಕಿಳಿಯಬೇಕಾದೀತು ಎಂದು ಅದು ಎಚ್ಚರಿಸಿತ್ತು.

ಆ ಎಚ್ಚರಿಕೆಯನ್ನು ಬದಿಗೊತ್ತಿ 2010ರಲ್ಲಿ ಅರಿಜೋನಾ ಎಸ್‌ಬಿ 1070 ಎಂಬ ಕಾನೂನು ತಂದಿತು. ನೋಂದಣಿ ಪತ್ರ ಇಟ್ಟುಕೊಳ್ಳದಿರುವುದು, ಪರವಾನಗಿಯಿಲ್ಲದೆ ಕೆಲಸ ಹುಡುಕುವುದು ರಾಜ್ಯದ ಮಟ್ಟದಲ್ಲೂ ಅಪರಾಧವಾದವು. 2012ರಲ್ಲಿ ಸುಪ್ರೀಂ ಕೋರ್ಟ್ ತನ್ನ ಮುಂದಿದ್ದ ನಾಲ್ಕು ಅಂಶಗಳಲ್ಲಿ ಮೂರನ್ನು ತಳ್ಳಿಹಾಕಿತು. ಬೇರೆ ಕಾರಣಕ್ಕೆ ತಡೆದವರ ಮೇಲೆ ಸಕಾರಣ ಅನುಮಾನವಿದ್ದರೆ ವಲಸೆ ಸ್ಥಿತಿ ವಿಚಾರಿಸಬೇಕೆಂಬ ಅಂಶವಷ್ಟೇ ಉಳಿಯಿತು. ತೊಡಕಿರುವುದು ಆ ‘ಅನುಮಾನ’ದಲ್ಲೇ. ವೀಸಾ ಮುಗಿದಿದೆಯೆಂದು ಯಾರ ಹಣೆಯ ಮೇಲೂ ಬರೆದಿರುವುದಿಲ್ಲ. ರಸ್ತೆಯಲ್ಲಿ ನಿಂತ ಪೇದೆಗೆ ಕಾಣುವುದು ಚರ್ಮದ ಬಣ್ಣ, ಕೇಳುವುದು ಮಾತಿನ ಧಾಟಿ. ಅದೇ ರಾಜ್ಯದ ಮರಿಕೋಪಾ ಕೌಂಟಿಯಲ್ಲಿ ಶೆರಿಫ್ ಜೋ ಅರ್ಪಾಯೊ ಅವರ ಪಡೆ ಲ್ಯಾಟಿನೊ ಜನರನ್ನೇ ಗುರಿ ಮಾಡುತ್ತಿತ್ತೆಂದು 2013ರಲ್ಲಿ ಫೆಡರಲ್ ನ್ಯಾಯಾಲಯ ತೀರ್ಪು ಕೊಟ್ಟಿತು. ಅಲಬಾಮಾದ್ದು ಇನ್ನೊಂದು ಪ್ರಸಂಗ. ಅಲ್ಲಿನ ಕಠಿಣ ಕಾನೂನು ಜಾರಿಯಾದ 2011ರಲ್ಲೇ ಟಸ್ಕಲೂಸಾ ಪೊಲೀಸರು ಬಾಡಿಗೆ ಕಾರೊಂದನ್ನು ತಡೆದು, ಕೈಯಲ್ಲಿ ಜರ್ಮನ್ ಗುರುತಿನ ಚೀಟಿ ಮಾತ್ರವಿದ್ದ ಚಾಲಕನನ್ನು ಠಾಣೆಗೆ ಒಯ್ದರು. ಆತ ರಾಜ್ಯವೇ ಓಲೈಸಿ ಕರೆತಂದಿದ್ದ ಮರ್ಸಿಡಿಸ್ ಕಂಪನಿಯ ಅಧಿಕಾರಿ! ಇತ್ತ ಹೊಲಗಳಿಂದ ಕೂಲಿಗಳು ಗುಳೆ ಎದ್ದರು, ಟೊಮೆಟೊ ಬಳ್ಳಿಯಲ್ಲೇ ಕೊಳೆಯಿತು.

ಕೇಂದ್ರ ಕೈಕಟ್ಟಿ ಕೂತರೆ ಗಡಿ ರಾಜ್ಯಗಳು ಏನು ಮಾಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಆಸ್ಪತ್ರೆ, ಶಾಲೆ, ಜೈಲಿನ ಖರ್ಚು ಬೀಳುವುದು ಅವುಗಳ ತಲೆಯ ಮೇಲೆ. 2023ರಲ್ಲಿ ಅಕ್ರಮ ಪ್ರವೇಶವನ್ನು ರಾಜ್ಯದ ಅಪರಾಧವಾಗಿಸಿದ ಟೆಕ್ಸಾಸ್ ಹೇಳಿದ್ದೂ ಇದನ್ನೇ. ಆದರೆ ಅದಕ್ಕೆ ದಾರಿ ಈಗಾಗಲೇ ಇದೆ: 1996ರ ಕಾನೂನಿನ ಪ್ರಕಾರ ಸ್ಥಳೀಯ ಪೊಲೀಸರು ಕೇಂದ್ರದ ತರಬೇತಿ ಪಡೆದು, ಅದರ ಉಸ್ತುವಾರಿಯಲ್ಲಿ ಕೆಲಸ ಮಾಡಬಹುದು. ಅಲ್ಲೂ ದುರ್ಬಳಕೆ ನಡೆದದ್ದುಂಟು, ಆದರೆ ಕೊಟ್ಟ ಅಧಿಕಾರವನ್ನು ಕೇಂದ್ರ ಹಿಂದಕ್ಕೆ ಪಡೆಯಬಹುದು. ಸ್ವಂತ ಕಾನೂನು ಮಾಡಿಕೊಂಡ ರಾಜ್ಯಕ್ಕೆ ಅಂಥ ಲಗಾಮಿಲ್ಲ. ಹಾಗಾದರೆ ಸಹಕರಿಸುವುದಿಲ್ಲ ಎನ್ನುವ ಕ್ಯಾಲಿಫೋರ್ನಿಯಾ ಮಾಡುತ್ತಿರುವುದು ಸರಿಯೇ? ರಾಜ್ಯದ ಸಿಬ್ಬಂದಿಯನ್ನು ಕೇಂದ್ರ ಬಲವಂತವಾಗಿ ದುಡಿಸಿಕೊಳ್ಳುವಂತಿಲ್ಲ ಎಂದು 1997ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ರಾಜ್ಯ ದೂರ ನಿಲ್ಲಬಹುದು; ಅಡ್ಡ ನಿಲ್ಲಬಾರದು.

ಡಲ್ಲಾಸ್, ಆಸ್ಟಿನ್‌ಗಳಲ್ಲಿ ಎಚ್‌-1ಬಿ ವೀಸಾದ ಮೇಲೆ ದುಡಿಯುವ ಕನ್ನಡಿಗರಿಗೂ ಇದು ಯಾರದೋ ಮನೆಯ ಜಗಳವಲ್ಲ. ಅಕ್ರಮ ವಲಸಿಗರನ್ನು ವಾಪಸು ಕಳಿಸುವ ಹಕ್ಕು ಯಾವುದೇ ದೇಶಕ್ಕಿದೆ. ಆ ಹಕ್ಕನ್ನು ಒಂದೇ ನಿಯಮದ ಕೆಳಗೆ, ಒಂದೇ ಕೈ ಚಲಾಯಿಸಲಿ. ಐವತ್ತು ರಾಜ್ಯಗಳು ಐವತ್ತು ಬಗೆಯಲ್ಲಿ ಮುಖ ನೋಡಿ ಮಣೆ ಹಾಕತೊಡಗಿದರೆ, ಎಲ್ಲ ದಾಖಲೆ ಸರಿಯಿದ್ದವನಿಗೂ ನೆಮ್ಮದಿಯಿರುವುದಿಲ್ಲ.