ರೋಗಿಯ ಮನೆಗೆ ಹೋಗುವ ಮುನ್ನ



ಹೊಸೂರು ಸೀಮೆಯ ನಮ್ಮ ಕಾರ್ಮಿಕ ಕುಟುಂಬಗಳಲ್ಲಿ ಕ್ಯಾನ್ಸರ್ ಬಂದವರು ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಯಲ್ಲಿ ಕಿಮೋಥೆರಪಿ ಪಡೆದು ಮನೆಗೆ ಮರಳುತ್ತಾರೆ. ಮರುದಿನವೇ ನಮ್ಮ ಜನ ಗುಂಪುಗುಂಪಾಗಿ ನೋಡಲು ಹೊರಡುತ್ತಾರೆ. ಇದರ ಹಿಂದಿನ ಪ್ರೀತಿ ದೊಡ್ಡದು. ಆದರೆ ಈ ಪದ್ಧತಿಯನ್ನು ನಾವು ಬದಲಿಸಲೇಬೇಕೆಂಬುದು ನನ್ನ ಅಭಿಪ್ರಾಯ.

ಕಾರಣ ಇಷ್ಟೆ. ಈ ಔಷಧಿಯು ಕ್ಯಾನ್ಸರಿನ ಜೊತೆಗೆ, ರೋಗಾಣುಗಳೊಡನೆ ಹೋರಾಡುವ ಬಿಳಿ ರಕ್ತಕಣಗಳನ್ನೂ ಕುಗ್ಗಿಸುತ್ತದೆ. ಸಾಮಾನ್ಯವಾಗಿ ಔಷಧಿ ಕೊಟ್ಟ 7ರಿಂದ 14 ದಿನಗಳಲ್ಲಿ ಅವು ತೀರಾ ಇಳಿಯುತ್ತವೆ. ನಮಗೆ ಬರಿಯ ನೆಗಡಿಯಾದದ್ದು ಆಗ ಅವರ ಪ್ರಾಣಕ್ಕೇ ಎರವಾದೀತು. ಆದುದರಿಂದ ಕೆಮ್ಮು, ನೆಗಡಿ, ಭೇದಿ ಇರುವವರು ಹೋಗಕೂಡದು. ಹೋಗುವವರೂ ಒಬ್ಬಿಬ್ಬರೇ ಹೋಗಿ, ಸೋಪು ಹಚ್ಚಿ ಕೈ ತೊಳೆದು ಒಳಗೆ ಕಾಲಿಡಲಿ, ಬೇಗ ಏಳಲಿ. ಪ್ರಾರ್ಥನೆಯನ್ನು ಅಂಗಳದಲ್ಲಿ ನಿಂತೂ ಮಾಡಬಹುದು. ದಾರಿಬದಿಯಲ್ಲಿ ಹೆಚ್ಚಿಟ್ಟ ಹಣ್ಣನ್ನು ಒಯ್ಯಬೇಡಿ. ರೋಗಿಗೆ ಬೇಕಾದದ್ದು ಕುದಿಸಿ ಆರಿಸಿದ ನೀರು ಮತ್ತು ಆಗತಾನೇ ಬೇಯಿಸಿದ ಊಟ.

ಇನ್ನೊಂದು ಮಾತು ಇದಕ್ಕಿಂತಲೂ ಮುಖ್ಯ. ಆ ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲೇಬೇಕು. ಅದು 100.4 ಡಿಗ್ರಿ ತೋರಿಸಿದರೆ, ಇಲ್ಲವೇ ಚಳಿನಡುಕ ಬಂದರೆ, ಬೆಳಗಾಗಲೆಂದು ಕಾಯಬಾರದು. ಮಾತ್ರೆ ನುಂಗಿ ಮಲಗಿದರೆ ಜ್ವರ ಮರೆಯಾದೀತು, ಸೋಂಕು ಒಳಗೇ ಬೆಳೆದೀತು. ಆಸ್ಪತ್ರೆ ಸೇರಿದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಇಂಜೆಕ್ಷನ್ ಆರಂಭವಾಗಬೇಕೆಂಬುದು ವೈದ್ಯರು ಪಾಲಿಸುವ ಕ್ರಮ. ಕಿಮೋಥೆರಪಿ ನಡೆಯುತ್ತಿದೆಯೆಂದು ಬಾಗಿಲಲ್ಲೇ ಹೇಳಬೇಕು, ಚೀಟಿಗಳು ಕೈಯಲ್ಲಿರಬೇಕು.

ಬಡವನು ಬೆಳಗಿನ ತನಕ ಕಾಯುವುದು ತಿಳಿವಳಿಕೆ ಇಲ್ಲದ್ದರಿಂದ ಮಾತ್ರವಲ್ಲ. ನಡುರಾತ್ರಿ ಬಾಡಿಗೆ ಕಾರಿಗೆ ಅವನ ಬಳಿ ಹಣವಿರುವುದಿಲ್ಲ. ಕೂಲಿ ತಪ್ಪುತ್ತದೆಂದು ಮೈ ಚೇತರಿಸುವ ಮೊದಲೇ ಧೂಳು, ಜನಸಂದಣಿಯ ನಡುವೆ ಕೆಲಸಕ್ಕೆ ಹೋಗುವವರೂ ಉಂಟು. ಇ.ಎಸ್.ಐ.ಗೆ ಸೇರಿದವರಿಗೆ 91 ದಿನಗಳ ಕಾಯಿಲೆ ಭತ್ಯೆ ಮುಗಿದ ಮೇಲೂ, ಸೇವಾವಧಿ ಮುಂತಾದ ಷರತ್ತುಗಳಿಗೆ ಒಳಪಟ್ಟು, ಕ್ಯಾನ್ಸರಿಗೆ ಕೂಲಿಯ ಶೇಕಡಾ 80ರಷ್ಟು ಭತ್ಯೆ ದೊರೆಯುತ್ತದೆ. ಈ ಅರ್ಜಿ ಬರೆದುಕೊಡುವುದು ಸಂಘದ ಕೆಲಸವಲ್ಲವೇ?

ಹಾಸಿಗೆಯ ಸುತ್ತ ಹತ್ತು ಮಂದಿ ಕೂರುವುದಕ್ಕಿಂತ, ಕರೆದ ಗಳಿಗೆಗೆ ಗಾಡಿ ತರುವ ಒಬ್ಬನು ಮೇಲು. ಪ್ರತಿ ಘಟಕವೂ ಅಂಥ ಒಬ್ಬನನ್ನು ಗೊತ್ತುಮಾಡಿ, ದಾರಿ ಖರ್ಚಿನ ಹಣವನ್ನು ತೆಗೆದಿಡಲಿ. ಮುಂದಿನ ಸಭೆಯಲ್ಲಿಯೇ ಇದನ್ನು ತೀರ್ಮಾನಿಸೋಣ.