ಚೀನೀ ಬರಹ: ವರ್ತಕರ ಎರಡನೆಯ ಪಾಠ

ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಿಕೇಶಿಯ ನಾಡನ್ನು ಹ್ಯೂಯೆನ್ ತ್ಸಾಂಗ್ 7ನೆಯ ಶತಮಾನದಲ್ಲಿಯೇ ಚೀನೀ ಭಾಷೆಯಲ್ಲಿ ವರ್ಣಿಸಿದನು. ಇಂದು ಆ ಭಾಷೆಯ ಬರಹವು ಇಳಕಲ್, ಹುನಗುಂದಗಳ ಕೆಂಪು ಗ್ರಾನೈಟ್ ಉದ್ಯಮಿಗಳಿಗೂ ಅವಶ್ಯವಾಗಿದೆ. ಭಾರತದ ಗ್ರಾನೈಟ್ ಬ್ಲಾಕ್‌ಗಳಿಗೆ ಚೀನಾ ಪ್ರಮುಖ ಮಾರುಕಟ್ಟೆಯಾಗಿದೆ.

ಆರಂಭದ ಪಾಠಗಳನ್ನು ಮುಗಿಸಿದವರು ಕುಶಲೋಪರಿಗೆ ಸಾಲುವಷ್ಟು ಮಾತು ಕಲಿತು, ಬರಹವನ್ನು ದಲ್ಲಾಳಿಗಳಿಗೆ ಬಿಡುವುದುಂಟು. ಇದು ಅಪಾಯಕರ. ಚೀನೀ ಭಾಷೆಯಲ್ಲಿ ಕೊಳ್ಳುವುದೂ ‘ಮೈ’, ಮಾರುವುದೂ ‘ಮೈ’. ಸ್ವರದ ಏರಿಳಿತ ಮಾತ್ರ ಬೇರೆ. ಇಂದಿನ ಸರಳ ಲಿಪಿಯಲ್ಲಿ ಮಾರಾಟದ ಅಕ್ಷರದ ಮೇಲೆ ಕೂಡುವ ಚಿಹ್ನೆಯಂತಹ ಎರಡು ಗೆರೆಗಳಷ್ಟೇ ಅಧಿಕ. ಗಣಕಯಂತ್ರವು ಎರಡನ್ನೂ ತೋರಿಸುತ್ತದೆ. ಆಯ್ಕೆಯ ಹೊಣೆ ಬರೆಯುವವರದು.

ಅಂಕಿಗಳಲ್ಲಿಯೂ ಎಚ್ಚರ ಬೇಕು. ಒಂದು, ಎರಡು, ಮೂರು ಎಂಬಿವು ಅಷ್ಟೇ ಸಂಖ್ಯೆಯ ಅಡ್ಡಗೆರೆಗಳಾದುದರಿಂದ ತಿದ್ದುವುದು ಸುಲಭ. ಆದ್ದರಿಂದಲೇ ಚೆಕ್ಕು, ರಸೀದಿಗಳಲ್ಲಿ ಜಟಿಲವಾದ ಬೇರೆ ಅಂಕಾಕ್ಷರಗಳು ಬಳಕೆಯಲ್ಲಿವೆ. ದೊಡ್ಡ ಮೊತ್ತಗಳ ಎಣಿಕೆಯೂ ಲಕ್ಷಗಳಲ್ಲಲ್ಲ, ಹತ್ತು ಸಾವಿರದ ‘ವಾನ್’ಗಳಲ್ಲಿ, 1 ಕೋಟಿಯು ಅಲ್ಲಿ 1,000 ವಾನ್.

ಆದುದರಿಂದ ಈ ಹಂತದ ಕಲಿಕೆದಾರರು ಹೊಸ ಪದಗಳ ಸಂಗ್ರಹಕ್ಕಿಂತ ಸ್ವಂತ ವ್ಯವಹಾರದ ಬರಹಕ್ಕೆ ಆದ್ಯತೆ ನೀಡುವುದು ಲೇಸು. ಹಳೆಯ ಖರೀದಿ ಆದೇಶದ ಐದು ಸಾಲುಗಳನ್ನು ನಿತ್ಯವೂ ಓದಿ, ಮುಚ್ಚಿಟ್ಟು, ನೆನಪಿನಿಂದ ಬರೆದು, ಮೂಲದೊಡನೆ ತಾಳೆ ನೋಡಬೇಕು. ವಾರಕ್ಕೊಂದು ಪತ್ರವನ್ನು ತಾವೇ ಬರೆದು, ಬಲ್ಲವರಿಂದ ತಿದ್ದಿಸಿ, ತಪ್ಪುಗಳಿಗೊಂದು ಖಾತೆ ಇಡಬೇಕು. ಮರುಕಳಿಸುವ ತಪ್ಪನ್ನು ತೀರದ ಬಾಕಿಯೆಂದೇ ಎಣಿಸಬೇಕು. ಬಾಗಲಕೋಟೆ ಜಿಲ್ಲೆಯ ವರ್ತಕರು ಒಟ್ಟುಗೂಡಿ, ಅಂತರ್ಜಾಲದ ಮೂಲಕ ಪಾಠ ಹೇಳುವ ಒಬ್ಬ ಶಿಕ್ಷಕರನ್ನು ಗೊತ್ತುಮಾಡಿಕೊಂಡರೆ ವೆಚ್ಚವೂ ಹಂಚಿಹೋಗುವುದು. ಸಹಿ ಮಾಡುವ ಕರಾರನ್ನು ಸ್ವತಃ ಓದಿ ತಿಳಿಯುವ ಸಾಮರ್ಥ್ಯವೇ ಈ ಶ್ರಮದ ಲಾಭ.