ತುರುಬಿಗೊಂದು ಡೊಂಕು ಮುತ್ತಿನ ಪಿನ್ನು

ಮುತ್ತು ದುಂಡಗಿರಬೇಕು, ಒಂದರಂತೆ ಇನ್ನೊಂದಿರಬೇಕು ಎಂಬುದು ಹಾರಕ್ಕೆ ಸಲ್ಲುವ ಮಾತು. ಕೇಶಾಲಂಕಾರಕ್ಕೆ ಆ ಕಟ್ಟಳೆಯಿಲ್ಲ. ಅಕ್ಕಿಕಾಳಿನಂತೆ ನೀಳವಾದ, ಗುಂಡಿಯಂತೆ ಚಪ್ಪಟೆಯಾದ, ಎಸಳಿನಂತೆ ಬಾಗಿದ ಮುತ್ತುಗಳು ಕಪ್ಪು ತುರುಬಿನಲ್ಲಿ ಮಲ್ಲಿಗೆಯ ಮೊಗ್ಗಿನಂತೆ ಒಪ್ಪುತ್ತವೆ. ಮೊಗ್ಗುಗಳಾದರೂ ಒಂದೇ ಅಚ್ಚಿನಲ್ಲಿ ಎರೆದಂತಿರುವುದುಂಟೆ? ಇವುಗಳ ಬೆಲೆಯೂ ದುಂಡು ಮುತ್ತಿಗಿಂತ ಬಹಳ ಕಡಿಮೆ.

ಈ ಡೊಂಕಿಗೆ ಕಾರಣವುಂಟು. ಕಡಲಿನ ಸಿಂಪಿಯಲ್ಲಿ ಮುತ್ತು ಬೆಳೆಸುವವರು ಸಾಮಾನ್ಯವಾಗಿ ಚಿಪ್ಪಿನಿಂದ ಕಡೆದ ದುಂಡು ಮಣಿಯೊಂದನ್ನು ಒಳಗಿಡುತ್ತಾರೆ. ಅದರ ಸುತ್ತ ಮುತ್ತು ಪದರಪದರವಾಗಿ ಕೂಡುತ್ತದೆ. ಸಿಹಿನೀರಿನ ಸಿಂಪಿಯಲ್ಲಾದರೋ ಹೆಚ್ಚಾಗಿ ಮಣಿಯಿಲ್ಲದೆ, ಮತ್ತೊಂದು ಸಿಂಪಿಯ ಅಂಗಾಂಶದ ಚೂರನ್ನಷ್ಟೇ ಇಡುತ್ತಾರೆ. ಆದುದರಿಂದ ಮುತ್ತು ತನಗೊದಗಿದ ಆಕಾರವನ್ನು ತಾಳುತ್ತದೆ. ಇಂಥ ಮುತ್ತುಗಳಲ್ಲಿ ಹೆಚ್ಚಿನವು ಚೀನದ ಕೆರೆಕೊಳಗಳಲ್ಲಿ ಬೆಳೆದವು. ಕೊಳ್ಳುವಾಗ ಹಲ್ಲಿನ ಅಂಚಿಗೆ ಮೆಲ್ಲನೆ ಉಜ್ಜಿ ನೋಡಬಹುದು: ನಿಜವಾದುದು ನವುರಾದ ಮರಳಿನಂತೆ ತೋರುತ್ತದೆ, ಗಾಜಿನದು ಜಾರುತ್ತದೆ.

ಅಜ್ಜಿಯ ಸರದಿಂದ ಉದುರಿದ ಹಳೆಯ ಮುತ್ತುಗಳು ಪೆಟ್ಟಿಗೆಯಲ್ಲಿದ್ದರೆ ಮಾತ್ರ ಅವಸರ ಸಲ್ಲದು. ತೂತುಕುಡಿಯ ಕಡಲಿನಲ್ಲಿ ಮುತ್ತಿನ ಸಿಂಪಿ ತೆಗೆಯುವ ಕೆಲಸ ಕೊನೆಯದಾಗಿ ನಡೆದುದು 1961ರಲ್ಲಿ. ತಾನಾಗಿ ಬೆಳೆದ ಕಡಲಮುತ್ತು ಇಂದು ಅಪರೂಪದ ವಸ್ತು. ಡೊಂಕೆಂದು ಕಡೆಗಣಿಸಿ ಹೊಸ ರಂಧ್ರ ಕೊರೆಸಿದರೆ, ಅಂಟು ಮೆತ್ತಿದರೆ, ಆದ ನಷ್ಟ ತುಂಬಿಬಾರದು. ರತ್ನಪರೀಕ್ಷೆಯ ಪ್ರಯೋಗಾಲಯದಲ್ಲಿ ಎಕ್ಸ್‌ರೇ ಮೂಲಕ ಅದು ಸಹಜವೋ ಬೆಳೆಸಿದ್ದೋ ಎಂದು ತಿಳಿದುಕೊಂಡೇ ಮುಂದುವರಿಯುವುದು ಜಾಣತನ.

ಬೇಕಾಗುವ ಸಾಮಗ್ರಿ: ತುರುಬಿಗೆ ಸಿಕ್ಕಿಸುವ, ಎರಡು ಕಾಲಿನ ಪಿನ್ನು 1; ರಂಧ್ರವಿರುವ ಡೊಂಕು ಮುತ್ತು 5; 0.3 ಮಿ.ಮೀ. ದಪ್ಪದ ಬೆಳ್ಳಿಯ ತಂತಿ ಒಂದು ಮೊಳ, ಚಿಕ್ಕ ಇಕ್ಕಳ.

ಮಾಡುವ ವಿಧಾನ: ತಂತಿಯ ತುದಿಯನ್ನು ಪಿನ್ನಿನ ಬಾಗಿದ ಭಾಗಕ್ಕೆ ನಾಲ್ಕು ಸುತ್ತು ಬಿಗಿಯಾಗಿ ಸುತ್ತಬೇಕು. ಒಂದು ಮುತ್ತನ್ನು ಪೋಣಿಸಿ, ಪಿನ್ನಿನಿಂದ ಕಾಲು ಅಂಗುಲ ದೂರದಲ್ಲಿ ನಿಲ್ಲಿಸಿ, ತಂತಿಯನ್ನು ಹಿಂದಕ್ಕೆ ಮಡಿಸಬೇಕು. ಮುತ್ತನ್ನು ಬೆರಳಿನಲ್ಲಿ ಹಿಡಿದು ಮೂರು ನಾಲ್ಕು ಬಾರಿ ತಿರುಗಿಸಿದರೆ ತಂತಿ ಹುರಿಗೊಂಡು ತೊಟ್ಟಾಗುತ್ತದೆ. ಪಿನ್ನಿಗೆ ಮತ್ತೆರಡು ಸುತ್ತು ಹಾಕಿ ಮುಂದಿನ ಮುತ್ತನ್ನು ಪೋಣಿಸಬೇಕು. ದೊಡ್ಡದು ನಡುವೆ ಬಂದು, ಚಿಕ್ಕವು ಇಕ್ಕೆಲಗಳಲ್ಲಿದ್ದರೆ ಚೆಂದ. ತಂತಿಯ ಕೊನೆಯನ್ನು ಇಕ್ಕಳದಿಂದ ಒತ್ತಿ ಅಡಗಿಸಬೇಕು. ಬೆರಳಿಗೆ ಚುಚ್ಚದ ತುದಿ ಕೂದಲಿಗೂ ತೊಡರದು. ಮುತ್ತಿಗೆ ಮಾತ್ರ ಇಕ್ಕಳ ತಾಗಿಸಬಾರದು.

ಮುತ್ತು ಸುಣ್ಣದ ಜಾತಿಯ ವಸ್ತು. ಹುಳಿ ತಾಗಿದರೆ ಹೊಳಪು ಕುಂದುತ್ತದೆ. ಬೆವರು, ಸುಗಂಧದ್ರವ್ಯ, ಸೀಗೆಕಾಯಿ ಇವೆಲ್ಲವೂ ಅದಕ್ಕೆ ಆಗದವು. ಅಲಂಕಾರವೆಲ್ಲ ಮುಗಿದ ಮೇಲೆ ಮುಡಿದು, ಮನೆಗೆ ಬಂದೊಡನೆ ತೆಗೆಯಬೇಕು. ಮೆತ್ತನೆಯ ಒದ್ದೆ ಬಟ್ಟೆಯಿಂದ ಒರೆಸಿ, ಆರಿದ ಬಳಿಕ ಚಿನ್ನದೊಡವೆಗಳಿಗೆ ತಗಲದಂತೆ ಬೇರೆ ಬಟ್ಟೆಯ ಚೀಲದಲ್ಲಿ ಇಡಬೇಕು. ಹೀಗೆ ಕಾಪಾಡಿದರೆ, ಹಾರಕ್ಕೆ ಬೇಡವಾದ ಐದು ಮುತ್ತು ಮಗಳ ಮದುವೆಗೂ ಒದಗುತ್ತವೆ, ಮೊಮ್ಮಗಳ ತುರುಬಿಗೂ ಉಳಿಯುತ್ತವೆ.